ಕಂಪ್ಯೂಟರಿನೊಳಗೆ ನಮ್ಮ ನಡುಮನೆ!

(ದೊಡ್ಡಬಳ್ಳಾಪುರದಲ್ಲಿ ನಡೆದ ಯುವಕ ಯುವತಿಯರ ಸಭೆಯೊಂದರಲ್ಲಿ ಊರಿನ ಮುದ್ರಣಾಲಯವೊಂದರ ಮಾಲೀಕರು ಆಡಿದ ಮಾತುಗಳ ಪಠ್ಯ)



ನನ್ನನ್ನು ಮಾತಾಡಲು ಕರೆದವರು ಧೈರ್ಯವಂತರೇ ಇರಬೇಕು. ನಾನು ಓದಿದ್ದು ಪಿಯುಸಿ. ಮಾಡುವುದು ಪ್ರೆಸ್ಸಿನ ಕೆಲಸ. ಲಗ್ನಪತ್ರಿಕೆ, ಬಿಲ್ ಬುಕ್ಕು, ಗೃಹಪ್ರವೇಶದ ಕಾರ್ಡು, ಚುನಾವಣೆ ಬಂದರೆ ಕರಪತ್ರ. ಈ ಊರಿನಲ್ಲಿ ಯಾರ ಮದುವೆ ಕಾರ್ಡಿನಲ್ಲಿ ಯಾವ ದೊಡ್ಡಪ್ಪನ ಹೆಸರು ಬಿಟ್ಟುಹೋಗಿ ಜಗಳವಾಯಿತು ಎಂಬುದೆಲ್ಲ ನನಗೆ ಗೊತ್ತು. ಅಂಥವನು ಇವತ್ತು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಬಗ್ಗೆ, ಅದರಲ್ಲೂ ಒಂದು ಆಟದೊಳಗೆ ಕೋಣೆ ಕಟ್ಟುವುದು ಹೇಗೆ ಎಂಬ ಬಗ್ಗೆ ಮಾತಾಡಲು ನಿಂತಿದ್ದೇನೆ. ನಗುವವರು ಈಗಲೇ ನಕ್ಕುಬಿಡಿ. ಆಮೇಲೆ ಕೇಳಿ.

ಕೇಸಿನೊಳಗಿನ ಮನೆಗಳು

ನಾನು ಹುಡುಗನಾಗಿದ್ದಾಗ, ಅಂದರೆ 1990ರ ಆಸುಪಾಸಿನಲ್ಲಿ, ನಮ್ಮಪ್ಪನ ಪ್ರೆಸ್ಸಿನಲ್ಲಿ ಸೀಸದ ಮೊಳೆಗಳಿದ್ದವು. ಮರದ ಕೇಸು, ಕೇಸಿನ ತುಂಬ ಸಣ್ಣ ಸಣ್ಣ ಮನೆಗಳು. ನಾವು ಅವನ್ನು ಮನೆ ಎಂದೇ ಕರೆಯುತ್ತಿದ್ದೆವು. 'ಕ' ಒಂದು ಮನೆಯಲ್ಲಿ, ಅದರ ಒತ್ತು ಇನ್ನೊಂದು ಮನೆಯಲ್ಲಿ. ಕಣ್ಣು ಮುಚ್ಚಿ ಕೈ ಹಾಕಿದರೂ ಬೇಕಾದ ಮೊಳೆ ಸಿಗಬೇಕು, ಅದೇ ಕಂಪೋಸಿಟರನ ವಿದ್ಯೆ. ಅಚ್ಚು ಮುಗಿದ ಮೇಲೆ ಮೊಳೆಗಳನ್ನು ಬಿಡಿಸಿ ಅವುಗಳ ಮನೆಗೆ ಹಾಕುವ ಕೆಲಸ ನನ್ನದು. ಒಂದು ಮೊಳೆ ತಪ್ಪು ಮನೆಗೆ ಬಿತ್ತೋ, ನಾಳೆ ಯಾರದೋ ಲಗ್ನಪತ್ರಿಕೆಯಲ್ಲಿ ಮುದ್ರಾರಾಕ್ಷಸ ಕುಣಿಯುತ್ತಿದ್ದ. ನನ್ನ ಬೆನ್ನಿಗೂ ಒಂದು ಬೀಳುತ್ತಿತ್ತು.

ಆಮೇಲೆ ಕಂಪ್ಯೂಟರ್ ಬಂತು. ಸೀಸ ತೂಕಕ್ಕೆ ಹೋಯಿತು. ಪರದೆಯ ಮೇಲೆ ಕನ್ನಡ ಕಂಡಾಗ ನಾವೆಲ್ಲ ಕುಣಿದಾಡಿದೆವು. ಆದರೆ ಆ ಕಾಲದ ಬಹಳಷ್ಟು ಫಾಂಟುಗಳಲ್ಲಿ ಒಂದು ಸಂಗತಿ ನಮಗೆ ಗೊತ್ತಿರಲಿಲ್ಲ. ಕಣ್ಣಿಗೆ ಕಾಣುವುದು ಕನ್ನಡ, ಕಂಪ್ಯೂಟರಿನ ಹೊಟ್ಟೆಯಲ್ಲಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆ! ಕನ್ನಡದ ಅಂಗಿ ತೊಟ್ಟ ಇಂಗ್ಲಿಷ್ ಅದು. ಫಾಂಟ್ ತೆಗೆದರೆ ಅಂಗಿ ಕಳಚಿತು.

ನಮ್ಮ ತಾಲ್ಲೂಕಿನ ಹಿರಿಯರೊಬ್ಬರು ಹಳ್ಳಿಗಳ ಹೆಸರಿನ ಬಗ್ಗೆ ಒಂದು ಪುಸ್ತಕ ಬರೆದಿದ್ದರು. ನಾನೇ ಕಂಪೋಸ್ ಮಾಡಿ, ಅಚ್ಚು ಹಾಕಿ, ಫೈಲನ್ನು ಸಿಡಿಯಲ್ಲಿ ಜೋಪಾನ ಮಾಡಿದ್ದೆ. ಹದಿನೈದು ವರ್ಷದ ಮೇಲೆ ಅವರ ಮಗ ಮರುಮುದ್ರಣಕ್ಕೆ ಬಂದರು. "ಅದಕ್ಕೇನು ಸ್ವಾಮಿ, ಎಲ್ಲಾ ಇಟ್ಟಿದ್ದೀನಿ" ಎಂದು ಜಂಬದಿಂದ ತೆರೆದೆ. ಪುಟದ ತುಂಬ ಗೀಚು! ಆ ಫಾಂಟೂ ಇಲ್ಲ, ಅದನ್ನು ಓದುವ ತಂತ್ರಾಂಶವೂ ಇಲ್ಲ. ಅವರ ಮುಂದೆ ತಲೆ ತಗ್ಗಿಸಿ ಕುಳಿತೆ. ಇಡೀ ಪುಸ್ತಕವನ್ನು ನನ್ನ ಖರ್ಚಿನಲ್ಲಿ ಮೊದಲಿಂದ ಟೈಪ್ ಮಾಡಿಸಿಕೊಟ್ಟೆ. ಅವತ್ತು ನನಗೆ ಒಂದು ಬುದ್ಧಿ ಬಂತು: ಕಂಪ್ಯೂಟರ್ ಕನ್ನಡವನ್ನು ಕನ್ನಡ ಎಂದು ತಿಳಿದಿರಬೇಕು. ಬರೀ ತೋರಿಸಿದರೆ ಸಾಲದು.

ಯೂನಿಕೋಡ್ ಎಂಬ ವ್ಯವಸ್ಥೆ ಮಾಡಿದ್ದು ಇದನ್ನೇ. 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಜಾಗಗಳನ್ನು ಕಾದಿರಿಸಿದ್ದರು. ನನ್ನ ಭಾಷೆಯಲ್ಲಿ ಹೇಳುವುದಾದರೆ 128 ಮನೆಗಳ ಕೇಸು. ಆ ಮನೆಗಳಲ್ಲಿ ಕೂತ ಅಕ್ಷರ ಅಮೆರಿಕದಲ್ಲಿ ತೆರೆದರೂ ಕನ್ನಡ, ಘಾಟಿಯಲ್ಲಿ ತೆರೆದರೂ ಕನ್ನಡ. ಮುದ್ರಣದ ಅಕ್ಷರಜೋಡಣೆಯಲ್ಲಿ ಪಳಗಿದ ಕೆ.ಪಿ. ರಾವ್ ಅವರು ಕನ್ನಡಕ್ಕೆ ಕೀಲಿಮಣೆಯ ದಾರಿ ತೋರಿಸಿಕೊಟ್ಟರು. ಆ ದಾರಿಯಲ್ಲೇ ನಮ್ಮಂಥವರ ಬೆರಳು ಓಡಾಡಿತು. ಇಷ್ಟು ಹಿನ್ನೆಲೆ ಯಾಕೆ ಹೇಳಿದೆ ಎಂದರೆ, ಮುಂದಿನ ಕತೆಗೆ ಇದೇ ಅಡಿಪಾಯ.

"ನಮ್ಮ ಮನೇಲಿ ಹಾಲ್ ಎಲ್ಲಿತ್ತೇ?"

ನಮ್ಮಣ್ಣನ ಮಗಳು ಕಾಲೇಜಿನಲ್ಲಿ ಪೈಥಾನ್ ಕಲಿಯುತ್ತಿದ್ದಾಳೆ. ಅವಳಿಗೆ ಒಂದು ಕೆಲಸ ಕೊಟ್ಟಿದ್ದರು: ಬರೀ ಅಕ್ಷರದಲ್ಲಿ ಆಡುವ ಸಾಹಸದ ಆಟವೊಂದನ್ನು ಬರೆದುಕೊಂಡು ಬಾ ಎಂದು. ಚಿತ್ರವಿಲ್ಲ, ಸದ್ದಿಲ್ಲ. ನೀವು ಎಲ್ಲಿದ್ದೀರಿ ಎಂದು ಕಂಪ್ಯೂಟರ್ ಹೇಳುತ್ತದೆ. ನೀವು ಏನು ಮಾಡುತ್ತೀರಿ ಎಂದು ಟೈಪ್ ಮಾಡಬೇಕು. ಹಾಗೆ ಕೋಣೆಯಿಂದ ಕೋಣೆಗೆ ಹೋಗುತ್ತಾ, ಸಾಮಾನು ಹುಡುಕುತ್ತಾ, ಬೀಗ ತೆಗೆಯುತ್ತಾ ಆಟ ನಡೆಯುತ್ತದೆ.

ಈ ಬಗೆಯ ಆಟ ಹುಟ್ಟಿದ ಕತೆ ಸೊಗಸಾಗಿದೆ. ಅಮೆರಿಕದ ವಿಲ್ ಕ್ರೌದರ್ ಎಂಬಾತ ಕಂಪ್ಯೂಟರ್ ಕೆಲಸಗಾರ. ಗುಹೆಗಳಲ್ಲಿ ಇಳಿದು ಅಳತೆ ಮಾಡಿ ನಕ್ಷೆ ಬರೆಯುವುದು ಆತನ ಹುಚ್ಚು. ಹೆಂಡತಿಯಿಂದ ದೂರವಾದ ಮೇಲೆ ತನ್ನ ಇಬ್ಬರು ಹೆಣ್ಣುಮಕ್ಕಳು ಆಡಲಿ ಎಂದು 1975-76ರ ಹೊತ್ತಿನಲ್ಲಿ ಒಂದು ಆಟ ಬರೆದ. ಕೆಂಟಕಿಯ ಮ್ಯಾಮತ್ ಗುಹೆಯಲ್ಲಿ ತಾನು ಓಡಾಡಿದ ಜಾಗವನ್ನೇ ಅದರಲ್ಲಿ ಕೋಣೆಗಳಾಗಿ ಮಾಡಿದ. 1977ರಲ್ಲಿ ಡಾನ್ ವುಡ್ಸ್ ಎಂಬ ಇನ್ನೊಬ್ಬ ಅದನ್ನು ಬೆಳೆಸಿದ. ಲೋಕಕ್ಕೆಲ್ಲ ಹಬ್ಬಿತು. ಗಮನಿಸಿ ಗೆಳೆಯರೇ, ಆತ ಯಾರದೋ ಊರಿನ ಅರಮನೆಯನ್ನು ಕಲ್ಪಿಸಿಕೊಂಡು ಕೂರಲಿಲ್ಲ. ತನ್ನ ಕಾಲು ತುಳಿದ ನೆಲವನ್ನೇ ಬರೆದ.

ನಮ್ಮ ಹುಡುಗಿಯೂ ತನ್ನ ಅಜ್ಜಿಯ ಮನೆಯನ್ನೇ ಆರಿಸಿಕೊಂಡಳು. ನಮ್ಮಮ್ಮನ ತವರು ಇದೇ ಊರಿನ ನೇಕಾರರ ಬೀದಿ. ಆ ಮನೆಯನ್ನು ಅಣ್ಣತಮ್ಮಂದಿರು ಭಾಗ ಮಾಡಿಕೊಂಡು ಮಾರುವ ಮಾತು ಆಗಲೇ ಮುಗಿದಿತ್ತು. ಹುಡುಗಿ ಇಂಗ್ಲಿಷಿನಲ್ಲಿ ಬರೆದಳು: ಹಾಲ್, ಕಿಚನ್, ಬೆಡ್‌ರೂಮ್, ಸ್ಟೋರ್‌ರೂಮ್. ಓದಿ ತೋರಿಸಿದಳು. ನಮ್ಮಮ್ಮ ಸುಮ್ಮನೆ ಕೇಳಿಸಿಕೊಂಡು ಕೊನೆಗೆ ಒಂದೇ ಪ್ರಶ್ನೆ ಹಾಕಿದರು.

"ಇದು ಯಾರ ಮನೆಯೇ?"

"ನಿನ್ನ ತವರು ಮನೆ ಕಣಜ್ಜಿ!"

"ನಮ್ಮ ಮನೇಲಿ ಹಾಲ್ ಎಲ್ಲಿತ್ತೇ? ಜಗುಲಿ ಇತ್ತು. ಒಳಕ್ಕೆ ಬಂದರೆ ಮಗ್ಗದ ಪಡಸಾಲೆ. ಗುಂಡೀಲಿ ಕಾಲಿಳಿಬಿಟ್ಟು ನಮ್ಮಪ್ಪ ನೇಯೋರು. ಅಲ್ಲಿಂದ ನಡುಮನೆ. ಪಕ್ಕದಲ್ಲಿ ದೇವರ ಮನೆ. ಹಿಂದೆ ಅಡುಗೆಮನೆ, ಬಚ್ಚಲು, ಹಿತ್ತಿಲು. ನಡುಮನೆಯಿಂದ ಏಣಿ ಹಾಕ್ಕೊಂಡು ಅಟ್ಟ. ಬೆಡ್‌ರೂಮ್ ಅಂತೆ! ಎಂಟು ಜನ ನಡುಮನೇಲೇ ಚಾಪೆ ಹಾಸ್ಕೊಂಡು ಮಲಗ್ತಿದ್ವಿ."

ಹುಡುಗಿ ಪೆಚ್ಚಾದಳು. ನಾನು ನಕ್ಕೆ. ಆದರೆ ರಾತ್ರಿ ಯೋಚನೆ ಹತ್ತಿತು. ತಪ್ಪು ಆ ಮಗುವಿನದೇ? ನಾವು ಹೊಸ ಮನೆ ಕಟ್ಟಿದಾಗ ನಾನೇ ಮೇಸ್ತ್ರಿಗೆ "ಹಾಲ್ ಸ್ವಲ್ಪ ದೊಡ್ಡದಿರಲಿ" ಎಂದಿದ್ದೆ! ನಡುಮನೆ ಎಂಬ ಮಾತು ನಮ್ಮ ಬಾಯಿಂದ ಮೊದಲು ಹೋಯಿತು. ಮನೆ ಬೀಳುವುದು ಆಮೇಲಿನ ಮಾತು.

ಬೆಳಿಗ್ಗೆ ಅವಳಿಗೆ ಹೇಳಿದೆ, "ಇದನ್ನು ಕನ್ನಡದಲ್ಲೇ ಬರಿ." "ಚಿಕ್ಕಪ್ಪ, ಪ್ರೋಗ್ರಾಮು ಕನ್ನಡದಲ್ಲಿ ಬರೆಯೋಕಾಗುತ್ತಾ?" ಎಂದಳು. ಆಗುತ್ತದೆ! ಅದನ್ನು ಹೇಳುವುದಕ್ಕೇ ನಾನು ಇಲ್ಲಿ ಬಂದದ್ದು.

2008ರಲ್ಲಿ ತೆರೆದ ಬಾಗಿಲು

2008ರ ಅಕ್ಟೋಬರ್ 31ರಂದು ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಘೋಷಣೆಯಾಯಿತು. ನಾವು ಪಟಾಕಿ ಹೊಡೆದೆವು, ಸಿಹಿ ಹಂಚಿದೆವು. ನಾನೇ ಅಭಿನಂದನೆಯ ಪೋಸ್ಟರ್ ಅಚ್ಚು ಹಾಕಿದೆ. ಒಂದು ತಿಂಗಳು ಕಳೆದು, ಅದೇ ವರ್ಷದ ಡಿಸೆಂಬರ್ 3ರಂದು ಪೈಥಾನ್ ಭಾಷೆಯ ಮೂರನೇ ಪೀಳಿಗೆ ಹೊರಬಂತು. ಹಾಲೆಂಡಿನ ಗೈಡೋ ವಾನ್ ರೋಸಮ್ 1991ರಲ್ಲಿ ಲೋಕಕ್ಕೆ ಕೊಟ್ಟ ಭಾಷೆ ಅದು. ಆ ಮೂರನೇ ಪೀಳಿಗೆಯಲ್ಲಿ ಪ್ರೋಗ್ರಾಮಿನೊಳಗಿನ ಹೆಸರುಗಳನ್ನು ಇಂಗ್ಲಿಷೇತರ ಲಿಪಿಗಳಲ್ಲೂ ಬರೆಯಬಹುದು ಎಂದಾಯಿತು. ಮಾರ್ಟಿನ್ ವಾನ್ ಲೋವಿಸ್ ಎಂಬುವರು 2007ರಲ್ಲಿ ಇದರ ಪ್ರಸ್ತಾವ ಇಟ್ಟಿದ್ದರು. ಆ ಲಿಪಿಗಳಲ್ಲಿ ಕನ್ನಡವೂ ಒಂದು. ಈ ಬಾಗಿಲು ತೆರೆದಾಗ ನಾವು ಒಂದು ಪಟಾಕಿಯನ್ನೂ ಹೊಡೆಯಲಿಲ್ಲ. ನಮಗೆ ಗೊತ್ತೇ ಆಗಲಿಲ್ಲ!

ಎಲ್ಲವೂ ಕನ್ನಡವಾಗುತ್ತದೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಕ್ಲಾಸ್, ಇಫ್, ಫಾರ್, ರಿಟರ್ನ್ ಇಂಥ 35 ಮೂಲಪದಗಳು ಪೈಥಾನಿನಲ್ಲಿ ಇಂಗ್ಲಿಷಿನಲ್ಲೇ ಇವೆ. ಪ್ರಿಂಟ್, ಇನ್‌ಪುಟ್ ಎಂಬ ಸಿದ್ಧ ಸಲಕರಣೆಗಳ ಹೆಸರೂ ಇಂಗ್ಲಿಷೇ. ದೇಶವಿದೇಶದವರ ಜೊತೆ ಸೇರಿ ದೊಡ್ಡ ತಂತ್ರಾಂಶ ಬರೆಯುವಾಗ ಹೆಸರುಗಳನ್ನೂ ಇಂಗ್ಲಿಷಿನಲ್ಲಿಡುವುದು ವಾಡಿಕೆ. ಅದರಲ್ಲಿ ಅವಮಾನವೇನೂ ಇಲ್ಲ, ಕಲಿಯಿರಿ. ಆದರೆ ನಮ್ಮ ಮಕ್ಕಳಿಗೆ, ನಮ್ಮೂರಿನ ಬಗ್ಗೆ, ನಮ್ಮ ಆಟ ಬರೆಯುವಾಗ ಕೋಣೆಯ ಹೆಸರನ್ನೂ ಇಂಗ್ಲಿಷಿನಲ್ಲಿಡು ಎಂದು ಪೈಥಾನ್ ಹೇಳಿಲ್ಲ. ಹಾಗೆ ಹೇಳಿಕೊಂಡವರು ನಾವೇ.

ಕ್ಲಾಸ್ ಎಂದರೆ ಲಗ್ನಪತ್ರಿಕೆಯ ನಮೂನೆ

ಈಗ ಕೆಲಸಕ್ಕೆ ಬರೋಣ. ಕ್ಲಾಸ್ ಎಂದರೇನು? ನನ್ನ ಅಂಗಡಿಗೆ ಬನ್ನಿ, ತೋರಿಸುತ್ತೇನೆ. ಲಗ್ನಪತ್ರಿಕೆಗೆ ಒಂದು ನಮೂನೆ ಇರುತ್ತದೆ. ವಧುವಿನ ಹೆಸರಿಗೆ ಜಾಗ, ವರನ ಹೆಸರಿಗೆ ಜಾಗ, ಮುಹೂರ್ತಕ್ಕೆ, ಛತ್ರಕ್ಕೆ ಜಾಗ. ನಮೂನೆ ಒಂದೇ. ಅದರಿಂದ ಆಗುವ ಪತ್ರಿಕೆಗಳು ನೂರು ಮನೆಯವು. ಆ ನಮೂನೆಯೇ ಕ್ಲಾಸ್. ಹೆಸರು ತುಂಬಿ ಸಿದ್ಧವಾದ ಒಂದೊಂದು ಪತ್ರಿಕೆಯೂ ಒಂದೊಂದು ಆಬ್ಜೆಕ್ಟ್.

ನಮ್ಮ ಹುಡುಗಿ 'ಕೋಣೆ' ಎಂಬ ಕ್ಲಾಸ್ ಬರೆದಳು. ಅದರಲ್ಲಿ ನಾಲ್ಕು ಖಾಲಿ ಜಾಗ. ಮೊದಲನೆಯದು ಹೆಸರು. ಎರಡನೆಯದು ವಿವರಣೆ, ಅಂದರೆ ಒಳಗೆ ಕಾಲಿಟ್ಟಾಗ ಏನು ಕಾಣುತ್ತದೆ ಎಂಬ ಮಾತು. ಮೂರನೆಯದು ದಾರಿಗಳು. ನಾಲ್ಕನೆಯದು ವಸ್ತುಗಳು. ಇಷ್ಟೇ! ಜಗತ್ತಿನ ಯಾವ ಕೋಣೆಯನ್ನಾದರೂ ಈ ನಾಲ್ಕರಲ್ಲಿ ಹಿಡಿಯಬಹುದು. ಈ ನಮೂನೆಯಿಂದ ಜಗುಲಿ, ಪಡಸಾಲೆ, ನಡುಮನೆ ಎಂದು ಒಂದೊಂದೇ ಕೋಣೆ ತೆಗೆದಳು.

ದಾರಿಗಳು ಎಂಬುದು ಒಂದು ಡಿಕ್ಷನರಿ. ನಿಘಂಟಿನಲ್ಲಿ ಪದ ಹುಡುಕಿದರೆ ಅರ್ಥ ಸಿಗುತ್ತದಲ್ಲ, ಹಾಗೆ ಇಲ್ಲಿ ದಿಕ್ಕು ಹುಡುಕಿದರೆ ಕೋಣೆ ಸಿಗುತ್ತದೆ. ಜಗುಲಿಯ ದಾರಿಗಳಲ್ಲಿ 'ಒಳ' ಎಂದರೆ ಪಡಸಾಲೆ. ಪಡಸಾಲೆಯ ದಾರಿಗಳಲ್ಲಿ 'ಹೊರ' ಎಂದರೆ ಜಗುಲಿ. ಆಟಗಾರ ಈಗ ಯಾವ ಕೋಣೆಯಲ್ಲಿದ್ದಾನೆ ಎಂಬುದನ್ನು ಇನ್ನೊಂದು ಕಡೆ ಬರೆದಿಟ್ಟುಕೊಂಡರೆ ಆಯಿತು. ಆತ ದಿಕ್ಕು ಹೇಳಿದಾಗ ಆ ಕೋಣೆಯ ದಾರಿಗಳಲ್ಲಿ ಹುಡುಕು. ಸಿಕ್ಕರೆ ಅಲ್ಲಿಗೆ ಕಳಿಸು. ಸಿಗದಿದ್ದರೆ "ಆ ಕಡೆ ಗೋಡೆ ಇದೆ" ಎನ್ನು. ಇದೇ ಇಡೀ ಆಟದ ಯಂತ್ರ.

ಇಲ್ಲಿ ಒಂದು ಕ್ರಮ ಇದೆ. ಮೊದಲು ಎಲ್ಲ ಕೋಣೆಗಳನ್ನೂ ಕಟ್ಟಬೇಕು, ಆಮೇಲೆ ಬಾಗಿಲು ಇಡಬೇಕು. ಇನ್ನೂ ಕಟ್ಟದ ನಡುಮನೆಗೆ ಪಡಸಾಲೆಯಿಂದ ಬಾಗಿಲು ಇಡಲು ಹೋದರೆ ಪೈಥಾನ್ "ಆ ಹೆಸರೇ ನನಗೆ ಗೊತ್ತಿಲ್ಲ" ಎಂದು ನಿಂತುಬಿಡುತ್ತದೆ. ಬಾಗಿಲನ್ನು ಎರಡೂ ಕಡೆಯಿಂದ ಇಡುವುದನ್ನೂ ಮರೆಯಬಾರದು. ಹುಡುಗಿ ಮೊದಲ ಸಲ ಮರೆತಳು. ನಾನು ದೇವರ ಮನೆಗೆ ಹೋಗಿ ವಾಪಸ್ ಬರಲಾರದೆ ಅಲ್ಲೇ ಉಳಿದೆ! ಆಮೇಲೆ ಅವಳು 'ಜೋಡಿಸು' ಎಂಬ ಒಂದು ಕ್ರಿಯೆ ಬರೆದಳು. 'ಒಳ' ಎಂದು ಈ ಕಡೆ ಇಟ್ಟರೆ ಅದೇ ಆ ಕಡೆ 'ಹೊರ' ಎಂದು ಇಡುತ್ತದೆ.

ಇನ್ನೊಂದು ಚಂದದ ವಿಷಯ. ಪೈಥಾನ್ ಕ್ಲಾಸಿನಲ್ಲಿ 'ಸೆಲ್ಫ್' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಈ ಕೋಣೆಯ ಸ್ವಂತ ಹೆಸರು, ಈ ಕೋಣೆಯ ಸ್ವಂತ ವಸ್ತು ಎಂದು ಹೇಳುವುದಕ್ಕೆ. ಎಷ್ಟೋ ಹುಡುಗರಿಗೆ ಅದು ತಲೆಗೇ ಹತ್ತುವುದಿಲ್ಲವಂತೆ. ಅದು ಆ 35 ಮೂಲಪದಗಳಲ್ಲಿ ಸೇರಿಲ್ಲ, ಬರೀ ರೂಢಿ. ಬೇರೆ ಹೆಸರಿಡಬಹುದು. ನಮ್ಮ ಹುಡುಗಿ 'ತಾನು' ಎಂದು ಇಟ್ಟಳು! 'ತಾನು' ಎಂದರೆ ಕನ್ನಡದ ಮಗುವಿಗೆ ಯಾರಾದರೂ ಅರ್ಥ ಹೇಳಿಕೊಡಬೇಕೆ? ತಾನು ಎಂದ ಕೂಡಲೇ ಆ ಕೋಣೆ ತನ್ನ ಬಗ್ಗೆ ತಾನೇ ಮಾತಾಡಿದ ಹಾಗಾಯಿತು.

ಎಲ್ಲ ಮದುವೆಗೂ ಒಂದೇ ವಧು!

ಒಂದು ಸಂಜೆ ಹುಡುಗಿ ಅಳುಮುಖ ಮಾಡಿಕೊಂಡು ಬಂದಳು. "ಚಿಕ್ಕಪ್ಪ, ಲಾಳಿಯನ್ನು ಅಟ್ಟದಲ್ಲಿ ಇಟ್ಟರೆ ಅದು ಬಚ್ಚಲಲ್ಲೂ ಕಾಣ್ತಿದೆ, ದೇವರ ಮನೇಲೂ ಕಾಣ್ತಿದೆ!" ಅವಳು ಬರೆದದ್ದನ್ನು ಓದಿಸಿದೆ. ವಸ್ತುಗಳ ಪಟ್ಟಿಯನ್ನು ಒಂದೊಂದು ಕೋಣೆಗೂ ಬೇರೆ ಬೇರೆ ಮಾಡುವ ಬದಲು ಕ್ಲಾಸಿನ ಮೈಯಲ್ಲೇ ಒಮ್ಮೆ ಬರೆದುಬಿಟ್ಟಿದ್ದಳು. ಹಾಗಾಗಿ ಎಲ್ಲ ಕೋಣೆಗಳೂ ಒಂದೇ ಪಟ್ಟಿಯನ್ನು ಹಂಚಿಕೊಂಡಿದ್ದವು.

ನನಗೆ ತಕ್ಷಣ ಹೊಳೆಯಿತು. "ಪುಟ್ಟಿ, ನಾನು ವಧುವಿನ ಹೆಸರನ್ನು ನಮೂನೆಯಲ್ಲೇ ಕೂರಿಸಿಬಿಟ್ಟರೆ ಏನಾಗುತ್ತೆ? ಊರಿನ ಎಲ್ಲ ಮದುವೆಗೂ ಒಬ್ಬಳೇ ವಧು!" ಅವಳು ಬಿದ್ದು ಬಿದ್ದು ನಕ್ಕಳು. ಎಲ್ಲರಿಗೂ ಒಂದೇ ಇರಬೇಕಾದ್ದು ನಮೂನೆಯಲ್ಲಿ. ಒಬ್ಬೊಬ್ಬರದೇ ಆದದ್ದು, ಪತ್ರಿಕೆ ಸಿದ್ಧವಾಗುವಾಗ, ಅದರದರ ಜಾಗದಲ್ಲಿ. ಪಟ್ಟಿಯನ್ನು ಕೋಣೆ ಹುಟ್ಟುವ ಹೊತ್ತಿನ ಕ್ರಿಯೆಯೊಳಕ್ಕೆ ಸರಿಸಿದಳು, 'ತಾನು' ಎಂದು ಮುಂದೆ ಸೇರಿಸಿದಳು. ಲಾಳಿ ಅಟ್ಟದಲ್ಲೇ ನಿಂತಿತು. ಪೈಥಾನ್ ಕಲಿಯುವ ಎಷ್ಟೋ ಜನ ಎಡವುವ ಕಲ್ಲು ಇದು. ಪಿಯುಸಿ ಓದಿದ ಪ್ರೆಸ್ಸಿನವನಿಗೆ ಅದು ಅರ್ಥವಾದದ್ದು ತನ್ನ ಕಸುಬಿನಿಂದ. ನಿಮ್ಮ ನಿಮ್ಮ ಮನೆಯ ಕಸುಬಿನಲ್ಲೂ ಇಂಥ ಜ್ಞಾನ ಇದೆ, ಅಸಡ್ಡೆ ಮಾಡಬೇಡಿ. ನಮ್ಮೂರಿನ ಮಗ್ಗಗಳ ಮೇಲೆ ಸೀರೆಯ ಅಂಚಿನ ಹೂವು ಬಿಡಿಸುವ ಜಕಾರ್ಡಿನ ತೂತು ರಟ್ಟುಗಳನ್ನು ನೋಡಿದ್ದೀರಲ್ಲ? ಫ್ರಾನ್ಸಿನ ಜಕಾರ್ಡ್ 1804ರ ಹೊತ್ತಿಗೆ ತಂದ ಆ ತಂತ್ರವನ್ನೇ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಗೆ ತೆಗೆದುಕೊಂಡ. ಕಂಪ್ಯೂಟರಿನ ಮುತ್ತಜ್ಜ ನಮ್ಮ ಬೀದಿಗಳಲ್ಲಿ ಟಕಟಕ ಎಂದು ದುಡಿಯುತ್ತಲೇ ಇದ್ದ.

ಮುಂದಿನ ಹೆಜ್ಜೆ ಕತ್ತಲ ಕೋಣೆ. ಅಟ್ಟವೂ ಕೋಣೆಯೇ, ಆದರೆ ದೀಪವಿಲ್ಲದೆ ಅಲ್ಲಿ ಏನೂ ಕಾಣದು. ಅದಕ್ಕಾಗಿ ಹೊಸದಾಗಿ ಎಲ್ಲವನ್ನೂ ಬರೆಯಬೇಕಿಲ್ಲ. 'ಕತ್ತಲಕೋಣೆ' ಎಂಬ ಕ್ಲಾಸು 'ಕೋಣೆ' ಎಂಬ ಕ್ಲಾಸಿನ ಮಗಳು ಎಂದು ಹೇಳಿದರೆ ಸಾಕು. ಹೆಸರು, ದಾರಿ, ವಸ್ತು ಎಲ್ಲ ತಾಯಿಯಿಂದ ಬರುತ್ತವೆ. 'ನೋಡು' ಎಂಬ ಒಂದು ಕ್ರಿಯೆಯನ್ನು ಮಾತ್ರ ಮಗಳು ತನ್ನ ರೀತಿಯಲ್ಲಿ ಮಾಡುತ್ತಾಳೆ: ಆಟಗಾರನ ಕೈಯಲ್ಲಿ ದೀಪ ಇದ್ದರೆ ವಿವರಣೆ, ಇಲ್ಲದಿದ್ದರೆ "ಬರೀ ಕತ್ತಲೆ" ಎಂಬ ಉತ್ತರ.

ಕ್ರಿಯಾಪದ ಕೊನೆಗೆ, ಸಂಧಿ ನಡುವೆ

ಇಷ್ಟರವರೆಗೆ ಯಾವ ಭಾಷೆಯವರು ಬರೆದರೂ ಒಂದೇ. ಇನ್ನು ಮುಂದೆ ಕನ್ನಡದ ಪರೀಕ್ಷೆ. ಇಂಗ್ಲಿಷ್ ಆಟದಲ್ಲಿ ಕ್ರಿಯಾಪದ ಮೊದಲು ಬರುತ್ತದೆ, ಸಾಮಾನು ಆಮೇಲೆ. ಮೊದಲ ಪದ ನೋಡಿದರೆ ಏನು ಮಾಡಬೇಕೆಂದು ಗೊತ್ತಾಗುತ್ತದೆ. ನಾವು ಹಾಗೆ ಮಾತಾಡುತ್ತೇವೆಯೇ? "ದೀಪವನ್ನು ತೆಗೆದುಕೋ", "ಒಳಕ್ಕೆ ಹೋಗು". ನಮ್ಮ ಕ್ರಿಯಾಪದ ಕೊನೆಯಲ್ಲಿ. ಆದ್ದರಿಂದ ಕನ್ನಡದ ಆಟ ಕೊನೆಯ ಪದವನ್ನು ಮೊದಲು ನೋಡಬೇಕು. ಇಂಗ್ಲಿಷ್ ಆಟದ ಮಾತುಗಳನ್ನು ಅನುವಾದ ಮಾಡಿಬಿಟ್ಟರೆ ಆಟ ಕನ್ನಡದ್ದಾಗುವುದಿಲ್ಲ.

ಆಮೇಲೆ ವಿಭಕ್ತಿ. ಕೋಣೆಯ ವಸ್ತುಪಟ್ಟಿಯಲ್ಲಿರುವುದು 'ದೀಪ'. ಆಟಗಾರ ಬರೆಯುವುದು 'ದೀಪವನ್ನು'. ಕಂಪ್ಯೂಟರಿಗೆ ಎರಡೂ ಬೇರೆ. ಕೊನೆಯ ತುಂಡನ್ನು ಕತ್ತರಿಸಬೇಕು. 2020ರಲ್ಲಿ ಬಂದ ಪೈಥಾನ್ 3.9ರಲ್ಲಿ ಪದದ ತುದಿ ಕತ್ತರಿಸಲು ಒಂದು ಸಿದ್ಧ ಸಲಕರಣೆಯೇ ಇದೆ. ಆದರೆ ಎಲ್ಲಿ ಕತ್ತರಿಸುವುದು? 'ದೀಪವನ್ನು' ಇದರಲ್ಲಿ 'ವನ್ನು' ತೆಗೆದರೆ 'ದೀಪ'. 'ಲಾಳಿಯನ್ನು' ಇದರಲ್ಲಿ 'ಯನ್ನು' ತೆಗೆದರೆ 'ಲಾಳಿ'. 'ನೂಲನ್ನು' ಎಂದರೆ? 'ನ್ನು' ತೆಗೆದರೆ 'ನೂಲ' ಉಳಿಯುತ್ತದೆ, ಅದಕ್ಕೆ ಮತ್ತೆ ಉಕಾರ ಸೇರಿಸಿ 'ನೂಲು' ಮಾಡಬೇಕು!

ಏನು ನೆನಪಾಯಿತು? ವಕಾರಾಗಮ ಸಂಧಿ, ಯಕಾರಾಗಮ ಸಂಧಿ, ಲೋಪ ಸಂಧಿ! ಎಸ್ಸೆಸ್ಸೆಲ್ಸಿಯಲ್ಲಿ ಎರಡು ಅಂಕಕ್ಕೆ ಉರುಹೊಡೆದು ಪರೀಕ್ಷೆ ಮುಗಿದ ದಿನವೇ ಮರೆತೆವಲ್ಲ, ಅದೇ! ಹದಿಮೂರನೇ ಶತಮಾನದಲ್ಲಿ ಶಬ್ದಮಣಿದರ್ಪಣ ಬರೆದ ಕೇಶಿರಾಜ ಸಂಧಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದ. ವ್ಯಾಕರಣ ಯಾತಕ್ಕೆ ಉಪಯೋಗ ಎಂದು ಮೂಗು ಮುರಿಯುತ್ತಿದ್ದ ನಮ್ಮ ಹುಡುಗಿ ಹಳೇ ವ್ಯಾಕರಣ ಪುಸ್ತಕ ಹುಡುಕಿಕೊಂಡು ಕೂತಳು. ಅಷ್ಟೇ ಅಲ್ಲ, ನಮ್ಮ ಕಡೆ ಬಾಯಲ್ಲಿ 'ದೀಪಾನ ತಗೋ' ಎನ್ನುತ್ತಾರೆ, ಧಾರವಾಡದ ಕಡೆ 'ತೊಗೋ' ಎನ್ನುತ್ತಾರೆ. ಅವರೂ ನಮ್ಮವರಲ್ಲವೇ? ಎಲ್ಲರ ಮಾತಿಗೂ ಆಟದಲ್ಲಿ ಜಾಗ ಬೇಕು. ಅದಕ್ಕೂ ಒಂದು ಡಿಕ್ಷನರಿ ಮಾಡಿದಳು: ತಗೋ, ತೊಗೋ, ತೆಗೆದುಕೋ, ಎತ್ತಿಕೋ, ಎಲ್ಲಕ್ಕೂ ಒಂದೇ ಕ್ರಿಯೆ.

ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ಸೀಸದ ಕಾಲದಲ್ಲಿ ಅಚ್ಚಿನಲ್ಲಿ ಕಾಣದ ತುಂಡುಗಳಿದ್ದವು. ಪದಗಳ ನಡುವೆ ಜಾಗ ಬಿಡಲು ಹಾಕುತ್ತಿದ್ದೆವು. ಯೂನಿಕೋಡಿನಲ್ಲೂ ಕಣ್ಣಿಗೆ ಕಾಣದ ಒಂದು ಗುರುತು ಇದೆ. 'ಪವರ್‌ಲೂಮ್' ಎಂದು ಬರೆಯುವಾಗ ರಕಾರ ಅರ್ಕಾವೊತ್ತಾಗಿ ಲಕಾರದ ಪಕ್ಕಕ್ಕೆ ಸರಿಯದ ಹಾಗೆ ತಡೆಯುವುದು ಅದೇ. ಅದನ್ನು ಕೋಣೆಯ ಹೆಸರಿನಲ್ಲಿ ಒಂದು ಕಡೆ ಹಾಕಿ, ಇನ್ನೊಂದು ಕಡೆ ಬಿಟ್ಟರೆ ಕಂಪ್ಯೂಟರಿಗೆ ಅವು ಎರಡು ಬೇರೆ ಹೆಸರು. ಕ್ಲಾಸಿನ ಹೆಸರಿನಲ್ಲಂತೂ ಪೈಥಾನ್ ಆ ಗುರುತನ್ನು ಒಪ್ಪುವುದೇ ಇಲ್ಲ. ಹಾಗೆಯೇ 'ದೊಡ್ಡಬಳ್ಳಾಪುರ' ನಮಗೆ ಆರು ಅಕ್ಷರ. ಪೈಥಾನಿಗೆ ಎಣಿಸಲು ಹೇಳಿದರೆ ಹದಿಮೂರು ಎನ್ನುತ್ತದೆ. ಕಾಗುಣಿತದ ಗುರುತನ್ನೂ, ಅರ್ಧಾಕ್ಷರದ ಗುರುತನ್ನೂ ಬೇರೆ ಬೇರೆ ಲೆಕ್ಕ ಹಾಕುತ್ತದೆ, ಮೊಳೆ ಎಣಿಸುವ ಕಂಪೋಸಿಟರನ ಹಾಗೆ. ಪದ ಕತ್ತರಿಸುವಾಗ ಇದು ನೆನಪಿರಲಿ.

ಮನೆ ಹೋಯಿತು, ಮಾತು ಉಳಿಯಿತು

ಆಟ ಸಿದ್ಧವಾಯಿತು. ಕತೆ ಇಷ್ಟೇ: ಮಗ್ಗ ನಿಂತಿದೆ, ಲಾಳಿ ಕಳೆದಿದೆ. ಹುಡುಕಿ ತಂದು ಮಗ್ಗಕ್ಕೆ ಕೊಡಬೇಕು. ಅಷ್ಟರಲ್ಲಿ ಮನೆಯ ಮಾರಾಟ ಮುಗಿದು, ಕೊಂಡವರು ಕೆಡವಿ ಹಾಕಿದ್ದರು. ಅವರನ್ನು ನಾನು ದೂರುವುದಿಲ್ಲ. ಮಾರಿದವರು ನಮ್ಮವರೇ. ನಮ್ಮಮ್ಮ ಆ ಬೀದಿಗೆ ಕಾಲಿಡುವುದನ್ನೇ ಬಿಟ್ಟಿದ್ದರು.

ಹುಡುಗಿ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಅಜ್ಜಿ ಬಾಯಲ್ಲಿ ಹೇಳುವುದು, ಮೊಮ್ಮಗಳು ಟೈಪ್ ಮಾಡುವುದು. "ನೀವು ಜಗುಲಿಯ ಮೇಲಿದ್ದೀರಿ" ಎಂದಿತು ಪರದೆ. "ಒಳಕ್ಕೆ ಹೋಗು." ಮಗ್ಗದ ಪಡಸಾಲೆ. "ಒಳಕ್ಕೆ ಹೋಗು." ನಡುಮನೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅಟ್ಟಕ್ಕೆ ಹೋಗು" ಎಂದರು. "ಬರೀ ಕತ್ತಲೆ" ಎಂದಿತು ಪರದೆ. ಅಮ್ಮ ಮೊಮ್ಮಗಳ ತೋಳು ಹಿಡಿದು, "ನೋಡಿದ್ಯಾ, ದೀಪ ಇಲ್ದೆ ಅಟ್ಟ ಹತ್ತಬೇಡ ಅಂತ ನಮ್ಮವ್ವ ಬಡ್ಕೊಳ್ಳೋಳು" ಎಂದರು. ಆಮೇಲೆ ಒಂದೊಂದೇ ನೆನಪು ಬಂತು. ದೇವರ ಮನೆಯ ಗೂಡಿನಲ್ಲಿ ದೀಪ ಇರುತ್ತಿತ್ತು. ಅಡುಗೆಮನೆಯಿಂದ ಹಿತ್ತಿಲಿಗೆ ಹೋಗುವ ಬಾಗಿಲು ತಲೆಗೆ ಬಡಿಯುತ್ತಿತ್ತು. ನೂಲು ಸುತ್ತುವ ರಾಟೆ ಕಂಬದ ಪಕ್ಕ ಇರುತ್ತಿತ್ತು. ಹುಡುಗಿ ಎಲ್ಲವನ್ನೂ ಆಯಾ ಕೋಣೆಯ ವಿವರಣೆಗೆ ಸೇರಿಸುತ್ತಾ ಹೋದಳು. ನನಗೆ ನನ್ನ ತಾಯಿಯ ತವರಿನ ಬಗ್ಗೆ ನಲವತ್ತು ವರ್ಷದಲ್ಲಿ ಗೊತ್ತಾಗದ ಸಂಗತಿಗಳು ಒಂದು ಸಂಜೆಯಲ್ಲಿ ಗೊತ್ತಾದವು.

ಮಕ್ಕಳೇ, ಇಟ್ಟಿಗೆ ಗಾರೆಯ ಮನೆಯನ್ನು ಉಳಿಸುವ ಶಕ್ತಿ ನಮಗೆ ಎಲ್ಲ ಸಲವೂ ಇರುವುದಿಲ್ಲ. ಆದರೆ ನಡುಮನೆ ಎಂಬ ಮಾತನ್ನು ಉಳಿಸಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಹಣವೂ ಬೇಕಿಲ್ಲ. ಪೈಥಾನ್ ಪುಕ್ಕಟೆ ಸಿಗುತ್ತದೆ, ಯೂನಿಕೋಡ್ ಕನ್ನಡ ನಿಮ್ಮ ಮೊಬೈಲಿನಲ್ಲೇ ಇದೆ. ಇಲ್ಲದಿರುವುದು ನಮ್ಮ ಕೈಗೆ ಪುರುಸೊತ್ತು ಮಾತ್ರ.

ಹಾಗಾಗಿ ಇವತ್ತು ನಿಮ್ಮಿಂದ ಒಂದು ಕೆಲಸ ಕೇಳುತ್ತೇನೆ. ಈ ವಾರ ನಿಮ್ಮ ಮನೆಯ ಹಿರಿಯರೊಬ್ಬರ ಪಕ್ಕದಲ್ಲಿ ಕೂತು ಅವರು ಹುಟ್ಟಿದ ಮನೆಯ ಕೋಣೆಗಳನ್ನು ಬರೆದುಕೊಳ್ಳಿ. ಹೆಸರು, ವಿವರಣೆ, ದಾರಿ, ವಸ್ತು. ನಾಲ್ಕೇ ಕಲಂ. ಅದೇ ನಿಮ್ಮ ಮೊದಲ ಕ್ಲಾಸು. ಅದು ಕೈಗೆ ಹತ್ತಿದ ಮೇಲೆ ಹೊರಗೆ ಬನ್ನಿ. ಮಾಕಳಿದುರ್ಗದ ಬೆಟ್ಟ ಇದೆ, ದೇವನಹಳ್ಳಿಯ ಕೋಟೆ ಇದೆ. ನಂದಿಬೆಟ್ಟದಲ್ಲಿ ಹುಟ್ಟಿ, ನಮ್ಮ ನಾಗರಕೆರೆಯನ್ನು ಹಾದು, ಹೆಸರಘಟ್ಟದ ಕಡೆ ಇಳಿಯುವ ಅರ್ಕಾವತಿ ಇದೆ. 'ಕೆರೆ' ಎಂಬ ಕ್ಲಾಸ್ ಬರೆಯಿರಿ. ಕೋಣೆಗೆ ಬಾಗಿಲಿದ್ದ ಹಾಗೆ ಕೆರೆಗೆ ಕೋಡಿ. ಬಾಗಿಲನ್ನು ಎರಡೂ ಕಡೆ ಇಡಬೇಕೆಂದೆ, ಕೋಡಿಯನ್ನು ಒಂದೇ ಕಡೆ ಇಡಬೇಕು, ನೀರು ಹಿಂದಕ್ಕೆ ಹರಿಯುವುದಿಲ್ಲ. ಮೇಲಿನ ಕೆರೆಯ ಕೋಡಿಯನ್ನು ಮುಚ್ಚಿದರೆ ಕೆಳಗಿನ ಕೆರೆ ಏನಾಗುತ್ತದೆ ಎಂದು ಆ ಆಟವೇ ಮಕ್ಕಳಿಗೆ ಹೇಳಿಕೊಡುತ್ತದೆ.

ಬರೆದದ್ದನ್ನು ನನ್ನ ಪ್ರೆಸ್ಸಿಗೆ ತನ್ನಿ. ಕೋಣೆಗಳ ನಕ್ಷೆಯನ್ನು ನಾನು ಕಾಸಿಲ್ಲದೆ ಅಚ್ಚು ಹಾಕಿಕೊಡುತ್ತೇನೆ. ಕರಡು ತಿದ್ದುವ ಕೆಲಸವೂ ನನ್ನದೇ. ಮುದ್ರಾರಾಕ್ಷಸ ನುಸುಳಿದರೆ ನನ್ನ ಬೆನ್ನಿಗೆ ಒಂದು ಕೊಡಿ, ಅಪ್ಪ ಇಲ್ಲದ ಮೇಲೆ ಕೊಡುವವರೇ ಇಲ್ಲ.